ಬಳ್ಳಿ ಇಳಿಸುವ ತಿಂಗಳು

ಫೆಬ್ರವರಿ 17, ಸೋಮವಾರ

ಈ ಪುಸ್ತಕ ನನ್ನ ಬಾಯಿ ಮುಚ್ಚಿಸಲಿಕ್ಕೆ ಕೊಟ್ಟದ್ದು. ಮೊಮ್ಮಗಳು ಅಂಕಿತಾ ಹೋದ ವರ್ಷದ ಗಣಿತದ ನೋಟುಬುಕ್ಕಿನ ಖಾಲಿ ಹಾಳೆ ತೋರಿಸಿ, "ಆಯಿ, ಬೈಯೂದಿದ್ರ ಇದರಾಗ ಬೈ. ಅವ್ವನ್ನ ಬಿಡು," ಅಂದಳು. ಎಂಟನೆಯ ಇಯತ್ತೆಯ ಹುಡುಗಿ. ನಾನು ಓದಿದ್ದು ಆಡೂರಿನ ಶಾಲೆಯಲ್ಲಿ, ನಾಲ್ಕನೆಯ ಇಯತ್ತೆಯವರೆಗೆ. ಅಕ್ಷರ ಗುಂಡಗೇ ಬರುತ್ತವೆ, ಒತ್ತು ಮಾತ್ರ ತಮಗೆ ಬೇಕಾದ ಕಡೆ ಹೋಗಿ ಕೂಡುತ್ತವೆ. ಇರಲಿ, ಓದುವವರು ಯಾರು.

ಶುಕ್ರವಾರ ತೋಟದ ಕಾಲುವೆಯ ಪಾಚಿಯ ಮೇಲೆ ಕಾಲಿಟ್ಟೆ. ಎಪ್ಪತ್ತೊಂದು ವರ್ಷ ಇಟ್ಟಲ್ಲಿ ನಿಂತ ಕಾಲು ಜಾರಿತು. ಮೊಣಕಾಲಿನ ಕೆಳಗಿನ ಎಲುಬು ಮುರಿದ ಸಪ್ಪಳ ನನಗೇ ಕೇಳಿಸಿತು. ಒಣಕಡ್ಡಿ ಮುರಿದ ಹಾಗಲ್ಲ, ಹಸಿ ಕಬ್ಬು ಮುರಿದ ಹಾಗೆ. ಡಾಕ್ಟರು ಪ್ಲಾಸ್ಟರ್ ಹಾಕಿ ಆರು ವಾರ ಅಂದರು. ಆರು ವಾರ ಅಂದರೆ ಯುಗಾದಿ.

ಯುಗಾದಿಯೊಳಗೆ ಬಳ್ಳಿ ಇಳಿಸಬೇಕು. ವೀಳ್ಯದ ಎಲೆಬಳ್ಳಿ ವರ್ಷವೆಲ್ಲ ಆಸರೆಯ ಚೊಗಚಿ ಗಿಡವನ್ನು ಹಿಡಿದು ಏರುತ್ತದೆ. ತುದಿ ಮುಗಿಲು ನೋಡುತ್ತದೆ, ಬುಡ ಬತ್ತಲೆಯಾಗುತ್ತದೆ, ಎಲೆ ಸಣ್ಣಗಾಗುತ್ತವೆ. ಆಗ ಬಳ್ಳಿಯನ್ನು ಗಿಡದಿಂದ ಬಿಡಿಸಿ ಕೆಳಗೆ ತಂದು, ಬತ್ತಲೆ ಕಾಂಡವನ್ನು ಬುಡದಲ್ಲಿ ಸಿಂಬಿಯ ಹಾಗೆ ಸುತ್ತಿ ಮಣ್ಣು ಮುಚ್ಚಬೇಕು. ತುದಿಯನ್ನು ಮಾತ್ರ ಮತ್ತೆ ಗಿಡಕ್ಕೆ ಕಟ್ಟಬೇಕು. ಮಣ್ಣಿನೊಳಗೆ ಹಳೆಯ ಬಳ್ಳಿ ಹೊಸ ಬೇರು ಬಿಡುತ್ತದೆ. ಬಿಸಿಲು ಬಲಿತ ಮೇಲೆ ಇಳಿಸಿದರೆ ಬೆಂದು ಹೋಗುತ್ತದೆ, ಇಳಿಸದೆ ಬಿಟ್ಟರೆ ತೋಟ ಮುದಿಯಾಗುತ್ತದೆ. ನಮ್ಮ ಮನೆಯಲ್ಲಿ ಈ ಕೆಲಸವನ್ನು ಗಂಡಸರು ಮುಟ್ಟುವುದಿಲ್ಲ. ಅತ್ತೆಯ ಕೈ, ಆಮೇಲೆ ಸೊಸೆಯ ಕೈ. ನಲವತ್ತು ವರ್ಷದಿಂದ ನನ್ನ ಕೈ.

ಈಗ ಆ ಕೈ ಪಡಸಾಲೆಯ ಹೊರಸಿನ ಮೇಲೆ ಕೂತು ಪೆನ್ನು ಹಿಡಿದಿದೆ. ಕಿಟಕಿಯಲ್ಲಿ ತೋಟದ ಗಿಡಗಳ ತಲೆ ಮಾತ್ರ ಕಾಣುತ್ತವೆ. ರಟ್ಟೀಹಳ್ಳಿಯವಳು ಚಹಾ ಇಟ್ಟು ಹೋದಳು. ರಟ್ಟೀಹಳ್ಳಿಯವಳು ಅಂದರೆ ಸೊಸೆ, ಮಗ ಮೃತ್ಯುಂಜಯನ ಹೆಂಡತಿ. ಬಂದು ಹದಿನಾರು ವರ್ಷವಾಯಿತು. ಹೆಸರಿದೆ, ಕರೆಯುವ ರೂಢಿ ನನಗೆ ಬಿದ್ದಿಲ್ಲ. ಚಹಾಕ್ಕೆ ಸಕ್ಕರೆ ಸಾಲದು.

ಫೆಬ್ರವರಿ 19, ಬುಧವಾರ

ಇಪ್ಪತ್ತೆಂಟಕ್ಕೆ ಶಾಲೆಯಲ್ಲಿ ವಿಜ್ಞಾನದ ಪ್ರದರ್ಶನವಂತೆ. ಅಂಕಿತಾಳ ಪಾಲಿಗೆ ಬಂದದ್ದು ಗಿಡದ ಕಾಂಡ. ಅಡಿಗೆಮನೆಯ ಅರ್ಧ ಸಾಮಾನು ನನ್ನ ಹೊರಸಿನ ಮೇಲೆ ಬಂದು ಬಿದ್ದಿದೆ.

"ಆಯಿ, ಬಟಾಟಿ ಬೇರೋ, ಕಾಂಡೋ?"

"ನೆಲದಾಗ ಇರೂದು ಬೇರು. ಇದಕ್ಕ ಶಾಲಿ ಬೇಕೇನ?"

"ತಪ್ಪು. ಅದು ಕಾಂಡ. ಇಲ್ನೋಡು, ಕಣ್ಣು ಅದಾವ. ಕಣ್ಣು ಅಂದ್ರ ಗೆಣ್ಣು. ಬೇರಿಗೆ ಗೆಣ್ಣು ಇರಂಗಿಲ್ಲ."

"ಹಂಗಾರ ಶುಂಠಿ?"

"ಕಾಂಡನ. ಅರಿಷಿಣನೂ ಕಾಂಡ. ಅವು ನೆಲದಾಗ ಮಲಕೊಂಡ ಬೆಳೀತಾವ."

"ನನ್ನಂಗ."

ಹುಡುಗಿ ನಕ್ಕಳು. ಅವಳು ಎದ್ದು ಹೋದ ಮೇಲೆ ಬಟಾಟಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಇಷ್ಟು ವರ್ಷ ಎಷ್ಟು ಹೆಚ್ಚಿದ್ದೇನೋ, ಪ್ರತಿ ಕಣ್ಣಿನ ಮೇಲೆ ಒಂದು ಸಣ್ಣ ಹುಬ್ಬು ಇರುವುದನ್ನು ನೋಡಿರಲಿಲ್ಲ. ಅದು ಎಂದೋ ಉದುರಿದ ಎಲೆಯ ಗುರುತಂತೆ. ಕತ್ತಲಲ್ಲಿ ಬೆಳೆಯುವಾಗಲೂ ಎಲೆ ಬಿಡುವುದನ್ನು ಅದು ಮರೆತಿಲ್ಲ. ಇನ್ನು ಪಾಪಾಸುಕಳ್ಳಿಯ ಹಸಿರು ಮೈಯೆಲ್ಲ ಕಾಂಡವೇ ಅಂತೆ, ಎಲೆಗಳು ನೀರು ಉಳಿಸಲಿಕ್ಕೆ ಮುಳ್ಳಾಗಿವೆಯಂತೆ. ಅಂಕಿತಾ ಅದನ್ನು ಗಟ್ಟಿಯಾಗಿ ಓದಿದಾಗ ಅಡಿಗೆಮನೆಯಿಂದ ರಟ್ಟೀಹಳ್ಳಿಯವಳ ದನಿ ಬಂತು, "ಹೊರಗ ಯಾಕ ಹುಡುಕ್ತಿ, ನಮ್ಮ ಪಡಸಾಲ್ಯಾಗ ಒಂದೈತಿ." ಕೇಳಲಿ ಅಂತಲೇ ಅಂದದ್ದು.

ಫೆಬ್ರವರಿ 20, ಗುರುವಾರ

ಕಿಟಕಿಯಲ್ಲಿ ಒಂದು ಗಾಜಿನ ಲೋಟ. ಅದರೊಳಗೆ ಕೆಂಪು ಶಾಯಿಯ ನೀರು, ನೀರಿನಲ್ಲಿ ಬಿಳಿಯ ಸೇವಂತಿಗೆಯ ಒಂದು ದಂಟು. ಅದೂ ಅಂಕಿತಾಳ ಪ್ರದರ್ಶನದ್ದೇ. "ಕಾಂಡದೊಳಗ ಸಣ್ಣ ಸಣ್ಣ ಕೊಳವಿ ಅದಾವ, ನೀರು ಹೆಂಗ ಏರ್ತದ ನೋಡ್ಕೊಂತ ಇರು," ಅಂತ ಹೇಳಿ ಶಾಲೆಗೆ ಹೋದಳು.

ನೋಡಿದೆ. ಬೇರೆ ಏನು ಕೆಲಸ. ಗುಳಿಗೆಯ ಮಂಪರಿನಲ್ಲಿ ಕಣ್ಣು ಮುಚ್ಚಿ ತೆರೆದರೆ ಬಿಸಿಲು ಒಂದು ಗೇಣು ಸರಿದಿರುತ್ತಿತ್ತು, ಹೂವು ಹಾಗೇ ಇರುತ್ತಿತ್ತು. ಯಾರೂ ಎತ್ತುವವರಿಲ್ಲ, ನೂಕುವವರಿಲ್ಲ, ನೀರು ಏರುವುದು ಹೇಗೆ. ಮಧ್ಯಾಹ್ನ ದಾಟಿದ ಮೇಲೆ ಎಸಳಿನ ಅಂಚಿಗೆ ನಾಚಿಕೆಯ ಬಣ್ಣ ಬಂತು. ಆಮೇಲೆ ಒಂದೊಂದು ಎಳೆಯಾಗಿ ಕೆಂಪು ಹರಡಿತು, ಅಂಗೈಯ ನರದ ಹಾಗೆ. ನನ್ನ ಕಾಲಿನಲ್ಲೂ ಏನೋ ಏರಿದ ಹಾಗಾಯಿತು. ನಿದ್ದೆಯೋ ಎಚ್ಚರವೋ, ಹೊರಸು ಕಾಲುವೆಯ ಮೇಲೆ ತೇಲುತ್ತಿತ್ತು.

ಫೆಬ್ರವರಿ 23, ರವಿವಾರ

ಮೃತ್ಯುಂಜಯ ಎಲೆಯ ಹೊರೆಯನ್ನು ಟೆಂಪೋಕ್ಕೆ ಹಾಕಿ ಹುಬ್ಬಳ್ಳಿಗೆ ಕಳಿಸಿ ಬಂದು ಹೊರಸಿನ ಹತ್ತಿರ ಕೂತ. ಅವನು ಹಾಗೆ ಕೂತರೆ ಏನೋ ಬೇಡದ ಮಾತಿರುತ್ತದೆ.

"ಅವ್ವಾ, ಈ ಸಲ ಶೀಲಾ ಇಳಸ್ತಾಳ. ನೀ ಹೇಳ್ಕೊಡು."

"ನಾ ಎದ್ದ ಮ್ಯಾಲ ಇಳಿಸಿದ್ರಾತು."

"ನೀ ಏಳೂದ್ರಾಗ ಬಳ್ಳಿ ಬೇಯ್ತಾವ."

ರಟ್ಟೀಹಳ್ಳಿಯವಳು ಬಂದು ಕಾಲಿನ ಕಡೆ ಕೂತು, "ಹೇಳ್ರಿ ಅತ್ತಿ," ಅಂದಳು. ಹದಿನಾರು ವರ್ಷ ಎಲೆ ಕೊಯ್ದಿದ್ದಾಳೆ, ಕಟ್ಟು ಕಟ್ಟಿದ್ದಾಳೆ. ಇಳಿಸುವ ದಿನ ಮಾತ್ರ ನಾನು ಅವಳನ್ನು ಮಣ್ಣು ಹೊರಲಿಕ್ಕೆ ಹಚ್ಚುತ್ತಿದ್ದೆ.

ಹೇಳಿದೆ. ಮೊದಲು ಕೆಳಗಿನ ಎಲೆಗಳನ್ನು ತೆಗೆ. ಬಳ್ಳಿ ಗೆಣ್ಣಿನ ಬೇರಿನಿಂದ ಗಿಡವನ್ನು ಕಚ್ಚಿ ಹಿಡಿದಿರುತ್ತದೆ, ಎಳೆಯಬೇಡ, ಮಗುವಿನ ಬಾಯಿಂದ ಮೊಲೆ ಬಿಡಿಸಿದ ಹಾಗೆ ಬಿಡಿಸು. ಕೈ ಉದ್ದದ ತುದಿ ಮೇಲೆ ಬಿಡು. ಮಣ್ಣು ಹಗುರಾಗಿ ಮುಚ್ಚು. ಬಾಳೆಯ ನಾರಿನಿಂದ ಕಟ್ಟು, ಗಂಟು ಸಡಿಲ ಇರಲಿ. ಎಲ್ಲ ಹೇಳಿದೆ.

ಒಂದು ಮಾತು ಇಟ್ಟುಕೊಂಡೆ. ಇಳಿಸುವ ಮೊದಲು ಎರಡು ದಿನ ನೀರು ಬಿಡಬಾರದು. ನೀರು ಕುಡಿದ ಬಳ್ಳಿ ಸೆಟೆದು ನಿಂತಿರುತ್ತದೆ, ಸುತ್ತಿದರೆ ಮುರಿಯುತ್ತದೆ. ಸ್ವಲ್ಪ ಬಾಡಿದರೆ ಹಗ್ಗದ ಹಾಗೆ ಬಳುಕುತ್ತದೆ. ಅಷ್ಟೇ ಗುಟ್ಟು.

ನಾಲಿಗೆಯ ತುದಿಗೆ ಬಂದಿತ್ತು. ಅವಳು ಎದ್ದು ಹೋಗುವಾಗ ನಾನು ಅಡಿಕೆ ಕತ್ತರಿಸುತ್ತಿದ್ದೆ.

ಫೆಬ್ರವರಿ 26, ಶಿವರಾತ್ರಿ

ಉಪವಾಸ. ದಿನವೆಲ್ಲ ಕಾಲುವೆಯಲ್ಲಿ ನೀರು ಹರಿಯುವ ಸಪ್ಪಳ. ನಾಳೆಯ ಕೆಲಸಕ್ಕೆ ಮಣ್ಣು ಮೆತ್ತಗಾಗಲಿ ಅಂತ ಅವಳು ಮನೆಯ ಕಡೆಯ ಸಾಲಿಗೆಲ್ಲ ನೀರು ಬಿಟ್ಟಿದ್ದಾಳೆ. ನೀರು ಬಹಳ ಚೆಂದ ಹರಿಯಿತು.

ಫೆಬ್ರವರಿ 27, ಗುರುವಾರ

ಮುಂಜಾನೆ ಮೊದಲನೆಯದು ಮುರಿಯಿತು. ಟಕ್ ಅಂತ. ಕಿಟಕಿಯಿಂದ ಸ್ಪಷ್ಟವಾಗಿ ಕೇಳಿಸಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಸೆರಗನ್ನು ಬಾಯಿಗೆ ಇಟ್ಟುಕೊಂಡೆ, ನಗು ಕಾಣಬಾರದು ಅಂತ. ನಾನಿಲ್ಲದೆ ಆಗುವುದಿಲ್ಲ ಅಂತ ಗೊತ್ತಾಗಲಿ.

ಹನ್ನೊಂದು ಆದವು. ಹನ್ನೊಂದನೆಯದರ ನಂತರ ಸಪ್ಪಳ ನಿಂತಿತು. ಆಕೆ ಬಂದು ಬಾಗಿಲಲ್ಲಿ ನಿಂತಳು, ಮೊಣಕೈಯವರೆಗೆ ಮಣ್ಣು.

"ಹನ್ನೊಂದ ಮುರದ್ವು ಅತ್ತಿ. ಏನ ತಪ್ಪ ಮಾಡಿದ್ನಿ?"

"ನನಗೇನ ಗೊತ್ತು. ಕೈ ಬಿರುಸಾಗಿರಬೇಕು."

ಅವಳು ತನ್ನ ಕೈ ನೋಡಿಕೊಂಡಳು. ಮನೆಯ ಕಡೆಯ ಅರ್ಧ ಹೇಗೋ ಮುಗಿಸಿದಳಂತೆ. ಕೆರೆಯ ಕಡೆಯ ಅರ್ಧವನ್ನು ಮುಟ್ಟುವುದಿಲ್ಲ ಅಂದಳಂತೆ ಮೃತ್ಯುಂಜಯನಿಗೆ.

ಹೊಟ್ಟೆ ತಣ್ಣಗಾಯಿತು. ಊಟ ಮಾತ್ರ ಸೇರಲಿಲ್ಲ, ನಿನ್ನೆಯ ಉಪವಾಸದ ಪಿತ್ತ ಇರಬೇಕು.

ಫೆಬ್ರವರಿ 28

ಅಂಕಿತಾಳ ಕಾಂಡಕ್ಕೆ ಎರಡನೆಯ ಬಹುಮಾನ. ಮುರಿದ ಬಳ್ಳಿಯದೊಂದು ತುಂಡನ್ನೂ ಒಯ್ದಿದ್ದಳಂತೆ, ಗೆಣ್ಣಿನ ಬೇರು ತೋರಿಸಲಿಕ್ಕೆ.

ಮಾರ್ಚ್ 3, ಸೋಮವಾರ

ಮಧ್ಯಾಹ್ನ ಗುಳಿಗೆ ತೆಗೆದುಕೊಂಡು ಮಲಗಿದಾಗ ಪ್ಲಾಸ್ಟರಿಗೆ ಗೆಣ್ಣು ಬಂದಿದ್ದವು. ಹಿಮ್ಮಡಿಯ ಹತ್ತಿರ ಒಂದು, ಮೊಣಕಾಲಿನ ಹತ್ತಿರ ಒಂದು. ಬಿಳಿಯ ಬೇರುಗಳು ಹೊರಟು ಹೊರಸಿನ ಕಾಲನ್ನು ಹಿಡಿದಿದ್ದವು. ನೋವಿರಲಿಲ್ಲ. ಪಡಸಾಲೆ ತುಂಬ ಹಸಿರು ಬೆಳಕು. ನಮ್ಮೂರಿನ ಮಠದ ಹಿಂದಿನ ದೊಡ್ಡ ಹುಣಸೆ ಮರ ಗೋಡೆಯ ಬದಿಗೆ ಬಂದು ಆನೆಯ ಹಾಗೆ ನಿಂತಿತ್ತು. ಅದರ ಹೊಟ್ಟೆಗೆ ಬೆನ್ನು ಕೊಟ್ಟು ನನ್ನ ಅತ್ತೆ ವೀರವ್ವ ಕೂತಿದ್ದಳು. ತುಟಿ ಕೆಂಪು. ಎಲೆಯ ತೊಟ್ಟು ಮುರಿದು ಮುರಿದು ಹಾಕುತ್ತಿದ್ದಳು.

"ಅತ್ತಿ, ಆ ಒಂದ ಮಾತು ಹೇಳಬಾರದಿತ್ತೇನ್ರಿ?" ಅಂತ ಕೇಳಿದೆ.

"ನನಗ ಯಾರ ಹೇಳಿದ್ರು?" ಅಂದಳು.

ಎಚ್ಚರವಾದಾಗ ಮರವಿರಲಿಲ್ಲ, ಕಿಟಕಿಯಲ್ಲಿ ಸೇವಂತಿಗೆ ಒಣಗಿತ್ತು.

ಇದನ್ನು ನಾನು ಯಾರಿಗೂ ಹೇಳಿಲ್ಲ, ಇಲ್ಲಿ ಬರೆಯುತ್ತೇನೆ. ನಾನು ಮೊದಲ ಸಲ ಬಳ್ಳಿ ಇಳಿಸಿದಾಗ ಹದಿನಾರು ಮುರಿದಿದ್ದೆ. ವೀರವ್ವ ಬದುವಿನ ಮೇಲೆ ಕೂತು ಎಲೆ ಜಗಿಯುತ್ತ ನೋಡುತ್ತಿದ್ದಳು. ಅವತ್ತಂತೂ ಮುಂಜಾನೆಯೇ ನೀರು ಹರಿದಿತ್ತು. ನನ್ನ ಗಂಡ ನಾಗಪ್ಪ ಬಂದು, ಬೇಲಿಯ ಆಚೆಯವರಿಗೆ ಕಾಣಬಾರದು ಅಂತ ಮುರಿದ ಬಳ್ಳಿಗಳ ಮೇಲೆ ತನ್ನ ಟವೆಲ್ಲು ಹೊದಿಸಿದ. ಎರಡನೆಯ ವರ್ಷ ನೀರಿನ ಸಂಗತಿ ನನಗೇ ತಿಳಿಯಿತು. ಮೋಟರು ಕೆಟ್ಟು ಎರಡು ದಿನ ನೀರಿರಲಿಲ್ಲ, ಬಳ್ಳಿ ನನ್ನ ಕೈಯಲ್ಲಿ ಜಡೆಯ ಹಾಗೆ ಸುತ್ತಿಕೊಂಡವು.

ವೀರವ್ವ ಕೆಟ್ಟವಳಲ್ಲ. ಕೊನೆಯ ಕಾಲಕ್ಕೆ ನನ್ನ ಕೈಯಿಂದಲೇ ಗಂಜಿ ಕುಡಿದಳು. ಈ ಮಾತು ಮಾತ್ರ ಆಡಲೇ ಇಲ್ಲ.

ಮಾರ್ಚ್ 4

ಬಿಸಿಲು.

ಮಾರ್ಚ್ 9, ರವಿವಾರ

ಸೊಸೆ ಇವತ್ತು ನನ್ನ ತಲೆ ತೊಳೆದಳು. ಹೊರಸಿನ ತುದಿಗೆ ತಲೆ ಇಳಿಬಿಟ್ಟು ಮಲಗಿದೆ, ಕೆಳಗೆ ಬೋಗುಣಿ ಇಟ್ಟು ಚೊಂಬಿನಿಂದ ಬೆಚ್ಚಗಿನ ನೀರು ಹಾಕಿದಳು. ಬೆರಳುಗಳು ತಲೆಯೊಳಗೆ ಓಡಾಡುವಾಗ ಕಣ್ಣು ತೂಗಿ ಬಂದವು. ಆ ಕೈ ಬಿರುಸಿಲ್ಲ. ನಾನು ಬಿರುಸು ಅಂದದ್ದು ನೆನಪಾಗಿ ಕಣ್ಣು ತೆರೆದೆ. ಅವಳ ಬೆರಳ ತುದಿಗೆ ಎಲೆಯ ಕಪ್ಪು ಕಲೆ, ನನ್ನದಕ್ಕಿರುವ ಹಾಗೇ.

"ಮುರದ ಬಳ್ಳಿ ಏನ ಮಾಡಿದಿ?" ಅಂತ ಕೇಳಿದೆ.

"ಚೆಲ್ಲಾಕ ಮನಸಾಗಲಿಲ್ರಿ. ಅಂಕಿತಾ ಅಂದ್ಲು, ಒಂದೊಂದ ಗೆಣ್ಣಿನ್ಯಾಗೂ ಒಂದೊಂದ ಮೊಗ್ಗು ಮಲಗಿರ್ತದಂತ. ತುದಿ ಇರೂತನಾ ಅವಕ್ಕ ಏಳಾಕ ಬಿಡಂಗಿಲ್ಲಂತ. ತುದಿ ಹೋತಂದ್ರ ಏಳ್ತಾವಂತ."

"ಪುಸ್ತಕದಾಗ ಹಂಗ ಬರದಾರೇನು?"

"ಹೂಂ. ಮೂರ ಮೂರ ಗೆಣ್ಣಿನ ತುಂಡ ಮಾಡಿ, ಎರಡ ಮಣ್ಣಾಗ, ಒಂದ ಹೊರಗ ಇಟ್ಟ ಹಚ್ಚೇನಿ. ಬಾವಿ ಕಡೆ ನೆರಳಾಗ."

ನಾನಾಗಿದ್ದರೂ ಹಾಗೇ ಹಚ್ಚುತ್ತಿದ್ದೆ. ಹೇಳಲಿಲ್ಲ. ಕಿವಿಯಲ್ಲಿ ನೀರು ಹೋಗಿತ್ತು.

ಮಾರ್ಚ್ 14, ಹೋಳಿ

ಬಣ್ಣದ ಹುಡುಗರು ಓಣಿಯಲ್ಲಿ ಕೂಗಿಕೊಂಡು ಹೋದರು. ಪಕ್ಕದ ತೋಟದ ಮುನವ್ವರಾ ನನ್ನನ್ನು ನೋಡಲಿಕ್ಕೆ ಬಂದಳು. ನಮ್ಮ ತೋಟಕ್ಕೂ ಅವರ ತೋಟಕ್ಕೂ ನಡುವೆ ಒಂದು ಬೇಲಿ. ಸಂಚಿ ಬಿಚ್ಚಿ ಎಲೆ ಕೊಟ್ಟೆ.

"ರಂಜಾನ್ ರೋಜಾ ಐತಿ ನೀಲವ್ವಕ್ಕ, ಉಪಾಸ. ಕೊಡು, ಸಂಜಿಕ ಹಾಕ್ಕೊಂತೇನಿ," ಅಂತ ಸೆರಗಿನ ತುದಿಗೆ ಕಟ್ಟಿಕೊಂಡಳು.

"ನಿಮ್ಮ ಬಳ್ಳಿ ಇಳಿಸೂದು ಆತೇನ?"

"ಆಗಲೇ ಆತು. ನಿಮ್ಮ ಕೆರಿ ಕಡೇದು ಹಂಗ ನಿಂತದಲ್ಲ? ತುದಿ ಗಾಳಿಗೆ ತೂಗಾಡಾಕತ್ತಾವ. ಯುಗಾದಿಗೆ ಎಷ್ಟ ದಿನಾ ಉಳೀತು?"

"ಹದಿನಾರು."

"ಗೊತ್ತೈತೆಲ್ಲ ಮತ್ತ." ಹೊರಡುವಾಗ ಬಾಗಿಲಲ್ಲಿ ನಿಂತು, "ನಿನಗ ಗೊತ್ತಿರದ್ದ ಏನೈತಿ ಅಕ್ಕಾ," ಅಂದಳು. ಮುನವ್ವರಾ ಯಾವತ್ತೂ ನನ್ನ ಕಣ್ಣು ನೋಡಿ ಮಾತಾಡುತ್ತಿದ್ದಳು. ಇವತ್ತು ಕಾಲು ನೋಡಿ ಮಾತಾಡಿದಳು.

ಮಾರ್ಚ್ 17

ಕಾಲು ಒಳಗೊಳಗೆ ತುರಿಸುತ್ತದೆ. ಎಲುಬು ಕೂಡುವಾಗ ಹಾಗೆ ಆಗುತ್ತದಂತೆ. ಅಂಕಿತಾ ಅಂದಳು, ಮುರಿದ ಜಾಗದಲ್ಲಿ ಮೊದಲು ಒಂದು ಗಂಟು ಬೆಳೆಯುತ್ತದೆ, ಆಮೇಲೆ ಅದೇ ಗಟ್ಟಿಯಾಗುತ್ತದೆ.

ಮಾರ್ಚ್ 19

ಕರೆದೆ. ಬಂದಳು. ನೀರು ಬೇಕು ಅಂದೆ. ತಂದು ಕೊಟ್ಟಳು. ಕುಡಿದೆ.

ಮಾರ್ಚ್ 20

ಎರಡು ದಿನ ನೀರು ಬಿಡಬೇಡ. ನಾಲ್ಕೇ ಮಾತು. ಇಲ್ಲಿ ಬರೆದರೆ ಎಷ್ಟು ಸಲೀಸು. ಈ ಓಣಿಯಲ್ಲಿ ನನ್ನ ಬಾಯಿಗೆ ಹೆದರದವರಿಲ್ಲ, ಆ ಬಾಯಿಗೆ ಏನು ಬಂತೋ.

ಮಾರ್ಚ್ 22, ಶನಿವಾರ

ಅಂಕಿತಾ ಅಂಗೈಯಲ್ಲಿ ಮಣ್ಣು ಹಿಡಿದು ಓಡಿ ಬಂದಳು. ಮಣ್ಣಿನಲ್ಲಿ ಬಳ್ಳಿಯ ಒಂದು ತುಂಡು, ಅವ್ವನಿಗೆ ಹೇಳದೆ ಕಿತ್ತು ತಂದದ್ದು. ಮೇಲಿನ ಗೆಣ್ಣಿನಿಂದ ಒಂದು ಚಿಗುರು ಹೊರಟಿತ್ತು, ಇಲಿಯ ಮರಿಯ ಕಿವಿಯಷ್ಟು, ಅಷ್ಟೇ ಕೆಂಪು, ಅಷ್ಟೇ ಮೆತ್ತಗೆ. ಕೆಳಗೆ ಬಿಳಿಯ ಬೇರು ನಾಲ್ಕು.

"ಎಷ್ಟ ಚಿಗತಾವ?"

"ಎಲ್ಲಾ, ಆಯಿ. ಮೂರ ಬಿಟ್ಟು."

ಹೋಗಿ ಮತ್ತೆ ಹಚ್ಚು, ಬೇರಿಗೆ ಗಾಳಿ ಬಡಿಯಬಾರದು ಅಂತ ಬೈದು ಕಳಿಸಿದೆ. ನನ್ನ ಅಂಗೈಯಲ್ಲಿ ಸ್ವಲ್ಪ ಮಣ್ಣು ಉಳಿಯಿತು. ತಣ್ಣಗಿತ್ತು. ಒರೆಸಿಕೊಳ್ಳದೆ ಮುಷ್ಟಿ ಮಾಡಿ ಮಲಗಿದೆ. ಮಲಗಿದಲ್ಲಿಯೇ ಮಣ್ಣಿನ ಕೆಳಗೆ ಇಳಿದೆ, ಹಳೆಯ ಬಳ್ಳಿಗಳು ಸುತ್ತಿ ಸುತ್ತಿ ಮಲಗಿದ್ದವು. ನಾನು ಇಳಿಸಿದವು, ವೀರವ್ವ ಇಳಿಸಿದವು, ಅವಳ ಅತ್ತೆ ಇಳಿಸಿದವು, ಒಂದರ ಕೆಳಗೆ ಒಂದು, ಕೊನೆ ಕಾಣಲಿಲ್ಲ. ಎಲ್ಲ ಒಂದೇ ಬಳ್ಳಿ. ಮೇಲೆ ಯಾರೋ ಬರಿಗಾಲಲ್ಲಿ ನಡೆಯುವುದು ಕೇಳುತ್ತಿತ್ತು.

ಮಾರ್ಚ್ 25, ಮಂಗಳವಾರ

ಊಟವಾದ ಮೇಲೆ ಶೀಲಾ ಪಡಸಾಲೆಯಲ್ಲಿ ಕೂತು ಎಲೆ ಆರಿಸುತ್ತಿದ್ದಳು. ಮನೆಯಲ್ಲಿ ಮತ್ಯಾರೂ ಇರಲಿಲ್ಲ. ಗೋಡೆ ನೋಡಿಕೊಂಡು ಹೇಳಿದೆ.

"ಶೀಲಾ, ನೀರ ಬಂದ್ ಮಾಡು."

"ಯಾವ ನೀರ್ರಿ?"

"ಕೆರಿ ಕಡೆ ಸಾಲಿಂದು. ಎರಡ ದಿನಾ ಬಿಡಬ್ಯಾಡ. ಬಳ್ಳಿ ಬಾಡಿದ್ರ ಬಳಕ್ತಾವ. ನೀರ ಕುಡದಿದ್ರ ಮುರೀತಾವ. ನಿನ್ನ ಕೈದ ತಪ್ಪಲ್ಲ. ನನಗ ಗೊತ್ತಿತ್ತು, ಅವತ್ತ ಹೇಳಲಿಲ್ಲ."

ಅವಳ ಕೈ ನಿಲ್ಲಲಿಲ್ಲ. ದೊಡ್ಡ ಎಲೆ ಒಂದು ಕಡೆ, ಸಣ್ಣ ಎಲೆ ಒಂದು ಕಡೆ.

"ನನಗೂ ಗೊತ್ತೈತ್ರಿ," ಅಂದಳು. "ಮುರದ ದಿನಾನ ಮುನವ್ವರಾ ಬೇಲಿ ಕಡಿಂದ ಹೇಳಿದ್ಲು."

ಗೋಡೆ ಬಿಟ್ಟು ಅವಳನ್ನು ನೋಡಿದೆ. "ಮತ್ತ ತಿಂಗಳಾತಲ್ಲ. ಯಾಕ ಕುಂತಿ?"

"ಮುನವ್ವರಾ ನನ್ನ ಅತ್ತಿ ಅಲ್ಲಲ್ರಿ."

ಒಂದು ಕಟ್ಟು ಮುಗಿಸಿ, ತೊಟ್ಟು ಸರಿ ಮಾಡಿ, ಆಮೇಲೆ ಅಂದಳು, "ನಾಳಿ ಒಂದ ದಿನಾ ನೋಡ್ತಿದ್ನಿ. ನೀವು ಹೇಳಿದ್ರ ಹೇಳಿದ್ರಿ, ಇಲ್ಲಾಂದ್ರ ನಾನ ಬಂದ್ ಮಾಡ್ತಿದ್ನಿ. ನಿಮ್ಮ ಹಟಕ್ಕ ತೋಟಾ ಒಣಗಸ್ಲೇನು?"

ಈ ಮಾತು ಇವಳು ಎಲ್ಲಿ ಕಲಿತಳು.

"ನಾನೂ ಹದಿನಾರ ಮುರದಿದ್ನಿ," ಅಂದೆ. "ಮೊದಲನೇ ವರ್ಷ."

ಈಗ ಕೈ ನಿಂತಿತು. "ಹದಿನಾರು?"

"ಹದಿನಾರು."

"ನಾ ಹನ್ನೊಂದ." ತುಟಿ ಬಿಗಿಹಿಡಿದಿದ್ದಳು, ಆದರೂ ನಗು ಹೊರಗೆ ಬಂತು. ನನಗೂ ಬಂತು. ನಕ್ಕರೆ ಕಾಲು ನೋಯುತ್ತದೆ, ಆದರೂ ನಿಲ್ಲಲಿಲ್ಲ. ಅವಳು ಎದ್ದು ಹೋಗಿ ಕಾಲುವೆಯ ಬಾಯಿಗೆ ಮಣ್ಣು ಹಾಕಿ ಬಂದಳು. ಬಂದು ಚಹಾ ಮಾಡಿದಳು. ಸಕ್ಕರೆ ಸರಿಯಾಗಿತ್ತು. ಮೊದಲಿನಿಂದಲೂ ಅಷ್ಟೇ ಹಾಕುತ್ತೇನೆ ಅಂದಳು. ಸುಳ್ಳು.

ಮಾರ್ಚ್ 26, ಬುಧವಾರ

ಹೊರಸಿನ ಮೇಲೆ ಕೂತು ಬಾಳೆಯ ನಾರು ಸೀಳಿದೆ. ಎರಡು ಸಿಂಬಿ ಆಯಿತು. ನೀರಿನಲ್ಲಿ ನೆನೆ ಹಾಕಿಸಿದೆ.

ಮಾರ್ಚ್ 27, ಗುರುವಾರ

ಬೆಳಗಾಗುವುದರೊಳಗೆ ಶೀಲಾ ಬಂದು ನಾರು ತೆಗೆದುಕೊಂಡು ಹೋದಳು. ನಾಳೆ ಪ್ಲಾಸ್ಟರ್ ತೆಗೆಯುತ್ತಾರೆ, ಒಂದು ದಿನ ತಡೆದರೆ ಕುರ್ಚಿಯ ಮೇಲೆ ಒಯ್ದು ಕೂಡಿಸುತ್ತೇನೆ ಅಂದ ಮೃತ್ಯುಂಜಯ. ಬಳ್ಳಿ ಮೂರನೆಯ ದಿನ ತಡೆಯುವುದಿಲ್ಲ, ಸುಮ್ಮನಿರು ಅಂದೆ.

ಕಿವಿಯನ್ನು ಕಿಟಕಿಗೆ ಇಟ್ಟು ಮಲಗಿದ್ದೇನೆ. ಕೆರೆಯ ಕಡೆಯ ಗಿಡಗಳ ತಲೆ ಕಾಣುತ್ತವೆ, ತಲೆಯ ಮೇಲೆ ಬಳ್ಳಿಯ ತುದಿ. ಹೊತ್ತು ಏರಿದ ಹಾಗೆ ಒಂದೊಂದೇ ತುದಿ ನಡುಗುತ್ತದೆ, ಸ್ವಲ್ಪ ನಿಲ್ಲುತ್ತದೆ, ಆಮೇಲೆ ಯಾರೋ ಮೆಲ್ಲಗೆ ಕರೆದ ಹಾಗೆ ಕಿಟಕಿಯಿಂದ ಕೆಳಗೆ ಇಳಿದು ಹೋಗುತ್ತದೆ. ಅದು ಇದ್ದ ಜಾಗದಲ್ಲಿ ಬೆಳಕು ಬರುತ್ತದೆ. ನಾನು ಉಸಿರು ಹಿಡಿಯುತ್ತೇನೆ. ಸಪ್ಪಳವಿಲ್ಲ. ಇನ್ನೊಂದು ತುದಿ ನಡುಗುತ್ತದೆ. ಸಪ್ಪಳವಿಲ್ಲ.

ಮಧ್ಯದಲ್ಲಿ ಶೀಲಾ ಯಾರಿಗೋ ಮಣ್ಣು ತಾ ಅಂದದ್ದು ಕೇಳಿತು, ಅಷ್ಟೇ.

ಕಟ್ಟು ತುಸು ಕೆಳಗೆ ಹಾಕುತ್ತಿದ್ದಾಳೆ ಅಂತ ಅನುಮಾನ. ಎದ್ದು ನಡೆದ ದಿನ ಹೋಗಿ ನೋಡಿ ಬೈಯುತ್ತೇನೆ. ಕಿಟಕಿಯ ತುಂಬ ಮುಗಿಲು ಬಂದಿದೆ. ಎಲ್ಲಿಯೂ ಏನೂ ಮುರಿಯಲಿಲ್ಲ. ಕಣ್ಣು ತೂಗುತ್ತಿವೆ, ಈ ಸಾಲು ಓರೆಯಾಯಿತು.